ಕೆಂಪು ಹಿಡಿಗೆ ಕಟ್ಟಿದ ಸೇವಂತಿಗೆ

ಐರೋಲಿಯ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಗಾಳಿಗೆ ನಾನು ವರ್ಷಗಟ್ಟಲೆ ಬೈದಿದ್ದೇನೆ. ಒಣಹಾಕಿದ ಸೀರೆ ಪಕ್ಕದ ಗಲ್ಲಿಯಲ್ಲಿ ಸಿಕ್ಕರೆ ಬೈಯದೆ ಇನ್ನೇನು? ಕಡೆಗೆ ಈ ಗಾಳಿಯಿಂದಲೇ ಕೆಲಸ ಮಾಡಿಸುತ್ತೇನೆಂದು ಹಠ ಹಿಡಿದು ನಮ್ಮ ರೋ ಹೌಸ್‌ನ ತಾರಸಿಯ ಮೇಲೆ ಸಣ್ಣದೊಂದು ಗಾಳಿಯಂತ್ರ ನಿಲ್ಲಿಸಿದೆ. ಅದರ ಕರೆಂಟು ನನ್ನ ಇಡ್ಲಿಹಿಟ್ಟಿನ ಗ್ರೈಂಡರುಗಳಿಗೆ, ಉಳಿದದ್ದು ಬೀದಿಯ ಲೈನಿಗೆ.

ಎದುರುಮನೆಯ ಮರಾಠಿ ಕಾಕಿ ಮುಖ ಗಂಟಿಕ್ಕಿದರು. ಅವರ ಮಗ ಲೈನ್‌ಮನ್, ನಮ್ಮ ಗಲ್ಲಿಯ ಕಂಬ ಹತ್ತುವವನೂ ಅವನೇ.

"ಲೈಟ್ ಗಯಾ ತೋ ಭೀ ಆಪ್‌ಕಾ ಪಂಖಾ ಘೂಮೇಗಾ. ಮೇರಾ ಬೇಟಾ ಊಪರ್ ರಹೇಗಾ," ಎಂದರು. ಕರೆಂಟು ಹೋದರೂ ನಮ್ಮ ರೆಕ್ಕೆ ತಿರುಗುತ್ತಲೇ ಇರುತ್ತದೆ, ಆಗ ಕಂಬದ ಮೇಲಿರುವವನು ತನ್ನ ಮಗ ಎಂಬುದು ಅವರ ಮಾತು.

ನನಗೆ ಸಿಟ್ಟು ಬಂತು, ಆದರೆ ಮಾತು ನಿಜವೇ. ಲೈನ್ ಬಂದಾದಾಗ ನಮ್ಮ ಕರೆಂಟು ಹಿಂದಕ್ಕೆ ತಂತಿಗೆ ಹರಿದರೆ ಕಂಬದ ಮೇಲಿರುವವನ ಕಥೆ ಮುಗಿಯಿತು. ಅದಕ್ಕೆಂದೇ ಲೈನ್ ಹೋದೊಡನೆ ತಾನೂ ಬಂದಾಗುವ ಇನ್ವರ್ಟರ್ ಹಾಕಿಸಿದೆ. ಗೇಟಿನ ಹೊರಗೆ, ಯಾರಾದರೂ ಕೆಳಗೆಳೆದು ಬೀಗ ಹಾಕಬಹುದಾದ ಕೆಂಪು ಹಿಡಿಯ ಸ್ವಿಚ್ಚನ್ನೂ ಕೂರಿಸಿದೆ.

ಪರೀಕ್ಷೆಗೆ ಬಂದ ವಿದ್ಯುತ್ ಕಂಪನಿಯ ಇಂಜಿನಿಯರ್ ವಿಜಯಪುರದ ಕಡೆಯವರು. ಮೊದಲು ಆ ಹಿಡಿಯನ್ನೇ ಎಳೆದರು. ಅದು ಜಪ್ಪಯ್ಯ ಎನ್ನಲಿಲ್ಲ. ಹೊಸ ಯಂತ್ರ ಪೂಜೆಯಿಲ್ಲದೆ ಶುರುವಾಗುವುದುಂಟೇ ಎಂದು ನನ್ನ ಅತ್ತೆ ಬೆಳಿಗ್ಗೆಯೇ ಅದಕ್ಕೆ ಕುಂಕುಮ ಹಚ್ಚಿ, ಒದ್ದೆ ಬಾಳೆನಾರಿನಲ್ಲಿ ಉಡುಪಿಯ ಕ್ರಮದಂತೆ ಕಟ್ಟಿದ ಸೇವಂತಿಗೆ ಮಾಲೆಯನ್ನು ಸುತ್ತಿ ಬಿಗಿದಿದ್ದರು. ಬಿಸಿಲಿಗೆ ನಾರು ಒಣಗಿ ಕಚ್ಚಿಕೊಂಡಿತ್ತು.

"ಲೈನ್‌ಮನ್ ಬಂದಾಗ ಹೂವಿನ ಗಂಟು ಬಿಚ್ಚಕೋತ ನಿಂದ್ರಬೇಕೇನ್ರೀ? ಹಿಂಗಿದ್ರ ನಾ ಪಾಸ್ ಮಾಡಂಗಿಲ್ಲ."

ಭೂಮಿ ಬಾಯಿಬಿಡಬಾರದೇ ಎನಿಸಿತು. ಎದುರಿನ ಬಾಗಿಲಲ್ಲಿ ಕಾಕಿ ನಿಂತು ನೋಡುತ್ತಿದ್ದರು. ಪೂಜೆಯ ಮಾಲೆಗೆ ಕತ್ತರಿ ತಾಗಿಸಲು ಜನ್ಮದಲ್ಲಿ ಬಿಡದ ಅತ್ತೆಯೂ ಅವರನ್ನು ನೋಡಿದರು.

"ಕತ್ತರಿ ತಾ ಮಾರಾಯ್ತಿ," ಎಂದರು. "ಅವರ ಮಗನಿಗಿಂತ ಈ ಹೂ ದೊಡ್ಡದಾ?" ತಾವೇ ಕತ್ತರಿಸಿದರು.

ಹಿಡಿ ಸಲೀಸಾಗಿ ಇಳಿಯಿತು. ಇಂಜಿನಿಯರ್ ಅದನ್ನು ಮತ್ತೆ ಮೇಲೇರಿಸಿ, ಯಂತ್ರ ಓಡುತ್ತಿರುವಾಗಲೇ ಬೀದಿಯ ಲೈನನ್ನು ಬಂದ್ ಮಾಡಿದರು. ಇನ್ವರ್ಟರಿನ ಹಸಿರು ದೀಪ ಪಟ್ಟನೆ ಆರಿತು. ತಾರಸಿಯ ಮೇಲೆ ರೆಕ್ಕೆಗಳು ಬ್ರೇಕ್ ಬಿದ್ದು ನಿಧಾನಿಸಿ ನಿಂತವು.

"ಪಾಸ್ ರೀ!"

ಆ ಖುಷಿಗೆ ಇಡೀ ಗಲ್ಲಿಗೆ ಇಡ್ಲಿ ಹಂಚಿದೆ. ಕಾಕಿ ತಟ್ಟೆ ತೆಗೆದುಕೊಂಡು ಬಾಗಿಲು ಹಾಕಿಕೊಂಡರು.

ಮಳೆಗಾಲದ ಒಂದು ಮಧ್ಯಾಹ್ನ ಕರೆಂಟು ಹೋಯಿತು. ನನ್ನ ಗ್ರೈಂಡರೂ ಅರ್ಧಕ್ಕೆ ನಿಂತಿತು. ಕಾಕಿಯ ಮಗ ಬಂದ, ಕೆಂಪು ಹಿಡಿಯನ್ನು ಒಂದೇ ಎಳೆತಕ್ಕೆ ಇಳಿಸಿ ಬೀಗ ಹಾಕಿದ, ತಂತಿ ಪರೀಕ್ಷಿಸಿ ಕಂಬ ಹತ್ತಿದ. ಮೋಡ ಕವಿದ ಗಲ್ಲಿಯಲ್ಲಿ ಎಲ್ಲರ ಮನೆಯಂತೆ ನಮ್ಮದೂ ಕತ್ತಲು. ಅಂಥ ಗಾಳಿಯಲ್ಲೂ ನನ್ನ ಯಂತ್ರ ತೆಪ್ಪಗೆ ನಿಂತಿತ್ತು. ಕತ್ತಲ ಮನೆಯ ಬಾಗಿಲಲ್ಲಿ ನಿಂತು ನಾನು ಹೆಮ್ಮೆಯಿಂದ ಬೀಗಿದೆ.

ಕಾಕಿ ಹೊರಗೆ ಬಂದು ನಮ್ಮ ತಾರಸಿಯನ್ನು ಒಮ್ಮೆ ನೋಡಿದರು. ಮಗ ಇನ್ನೂ ಕಂಬದ ಮೇಲಿದ್ದಂತೆಯೇ ಒಳಗೆ ಹೋಗಿ ನಮ್ಮನ್ನೂ ಸೇರಿಸಿ ಎಲ್ಲರಿಗೂ ಚಹಾಕ್ಕಿಟ್ಟರು.