ತುಪ್ಪದ ಹೀರೆ ಚಪ್ಪರದ ಕೆಳಗೆ ಎರಡು ನಿಮಿಷ

ನಾನು ನಿಂತಿದ್ದದ್ದು ತುಪ್ಪದ ಹೀರೆಯ ಚಪ್ಪರದಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿ, ಚಪ್ಪರಕ್ಕೆ ಮುಖ ಮಾಡಿ. ಬೆನ್ನ ಹಿಂದೆ ನೀರಿನ ಡ್ರಮ್ಮು ಇತ್ತು. ಜಾಗ, ಹೈದರಾಬಾದಿನ ಮಣಿಕೊಂಡ. ಕೊರೋನಾ ಇಳಿದ ಮಾರನೆಯ ವರ್ಷದ ಸೆಪ್ಟೆಂಬರ್, ಗುರುವಾರ, ಬೆಳಗ್ಗೆ ಹನ್ನೊಂದಕ್ಕೆ ಐದು ನಿಮಿಷ ಬಾಕಿ. ಹೆಜ್ಜೆಗಳನ್ನು ನಾನು ಆಮೇಲೆ ಎಣಿಸಿದೆ, ಎರಡು ಸಲ.

ತೋಟಗಾರಿಕೆ ಇಲಾಖೆಯಿಂದ ನಿವೃತ್ತನಾದ ಮೇಲೆ ನಾನು ತಾರ್ನಾಕದ ಮನೆಯಲ್ಲಿ ಕೂತು ಒಂದು ಟ್ರಸ್ಟಿಗೆ ಬರುವ ಅರ್ಜಿಗಳನ್ನು ಓದುತ್ತಿದ್ದೆ. ಶಾಲೆ, ಕಾಲೊನಿ, ಅಂಗನವಾಡಿಗಳಲ್ಲಿ ಕೈತೋಟದ ಪಾಠ ನಡೆಸುವವರಿಗೆ ಅವರು ಸಣ್ಣ ಗ್ರಾಂಟ್ ಕೊಡುತ್ತಿದ್ದರು. ಬೇಲಿ, ಪೈಪು, ಬೀಜ, ಕಲಿಸುವವರಿಗೆ ಒಂದು ವರ್ಷದ ಗೌರವಧನ, ಇಷ್ಟೇ. ನನ್ನ ಕೆಲಸಕ್ಕೆ ಫೀಲ್ಡ್ ವೆರಿಫಿಕೇಷನ್ ಎಂದು ಹೆಸರು. ಕಾಗದದಲ್ಲಿರುವ ತೋಟ ನೆಲದ ಮೇಲೂ ಇದೆಯೇ ಎಂದು ನೋಡಿ ಬರುವುದು, ಮಕ್ಕಳು ತೋಟದಲ್ಲಿರುವ ಒಂದು ಜಿಯೋಟ್ಯಾಗ್ ಫೋಟೊ, ಅಂದರೆ ಜಾಗ ಮತ್ತು ವೇಳೆ ತಾನಾಗಿ ಅಚ್ಚಾಗುವ ಫೋಟೊ, ತರುವುದು. ಫೋಟೊ ಇಲ್ಲದ ವರದಿಯನ್ನು ಟ್ರಸ್ಟಿನ ಕಮಿಟಿ ಓದುತ್ತಿರಲಿಲ್ಲ.

ಆ ಅರ್ಜಿ ಬರೆದವರು ಸುಮಂಗಲಾ ಟೀಚರ್, ಕಲಬುರಗಿಯವರು. ಮಣಿಕೊಂಡದಲ್ಲಿ ಎತ್ತರದ ಕಟ್ಟಡ ಕಟ್ಟುವ ಕೂಲಿಗಳ ಮಕ್ಕಳಿಗೆ ತಗಡಿನ ಶೆಡ್ಡಿನಲ್ಲಿ ಪಾಠ ಹೇಳುತ್ತಿದ್ದರು. ಅಪ್ಪ ಅಮ್ಮಂದಿರು ಹೆಚ್ಚಾಗಿ ಯಾದಗಿರಿ, ಸುರಪುರದ ಕಡೆಯವರು. ಹಿಂದಿನ ಬೇಸಿಗೆಯಲ್ಲಿ ಒಂದು ಮಗು ಲಿಫ್ಟಿಗೆಂದು ತೋಡಿದ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಿತ್ತು. ಆಮೇಲೆ ಟೀಚರ್ ಶೆಡ್ಡಿನ ಹಿಂದೆ ತೋಟ ಮಾಡಿಸಿದರು. ಮಧ್ಯಾಹ್ನದವರೆಗೆ ಮಕ್ಕಳು ಅಲ್ಲೇ ಇರುತ್ತಿದ್ದರು. ಕಲಿಸುತ್ತಿದ್ದವರು ನಾಗಮ್ಮ, ಒಬ್ಬ ಮೇಸ್ತ್ರಿಯ ತಾಯಿ. ಮಕ್ಕಳಿಗೆಲ್ಲ ಆಯಿ. ಗೌರವಧನ ಸಿಗದಿದ್ದರೆ ದಸರೆಯ ಹೊತ್ತಿಗೆ ಅವರು ಮತ್ತೆ ಇಟ್ಟಿಗೆ ಹೊರಲು ಹೋಗಬೇಕಿತ್ತು, ಮಕ್ಕಳು ಮತ್ತೆ ಗುಂಡಿಗಳ ನಡುವೆ.

ಅರ್ಜಿಯಲ್ಲಿ 'ಕಲಿಸುವವರ ಅರ್ಹತೆ' ಎಂಬ ಕಾಲಮ್ಮಿನಲ್ಲಿ ಟೀಚರ್ 'ಹುಟ್ಟಿದಾಗಿನಿಂದ ಬೇಸಾಯ' ಎಂದು ಬರೆದಿದ್ದರು. ಕಮಿಟಿ ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿತ್ತು. ನಾನು ಹೋದದ್ದು ಆ ಚಿಹ್ನೆಗೆ ಉತ್ತರ ತರಲು.

ಮೆಹದಿಪಟ್ಟಣಂನಲ್ಲಿ ಬಸ್ಸು ನಿಂತೇ ಇದ್ದದ್ದರಿಂದ ನಲವತ್ತು ನಿಮಿಷ ತಡವಾಯಿತು. ಆದರೆ ಒಳಗೆ ಕಾಲಿಟ್ಟ ಮೇಲೆ ಗಡಿಯಾರ ಮರೆತುಹೋಯಿತು. ಆನೆಯಷ್ಟು ದೊಡ್ಡ ಬಂಡೆಗಳು, ಅವುಗಳ ಸಂದಿನಲ್ಲಿ ಮಡಿಗಳು. ಚಪ್ಪರದ ಕೆಳಗೆ ಬೆಳಕು ಹಸಿರಾಗಿ, ಕೆರೆಯ ಅಡಿಯಲ್ಲಿ ಇರುವಂತೆ ಅಲುಗುತ್ತಿತ್ತು. ಹಳದಿ ಹೂಗಳು ಅಂಗೈ ಅಗಲ ಅರಳಿದ್ದವು. ಮಕ್ಕಳು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ಒತ್ತುತ್ತಿದ್ದರು. ಇಲಾಖೆಯ ತರಬೇತಿಯಲ್ಲಿ ಇದಕ್ಕೆ ನಾವು ಅರ್ಧ ದಿನ ತೆಗೆದುಕೊಳ್ಳುತ್ತಿದ್ದೆವು. ಯಾರೂ ಜೋರಾಗಿ ಮಾತನಾಡುತ್ತಿರಲಿಲ್ಲ. ಎತ್ತರದಲ್ಲಿ ಒಂದು ಕ್ರೇನು ನಿದ್ದೆಯಲ್ಲಿರುವಂತೆ ತಿರುಗುತ್ತಿತ್ತು.

"ಸಾಹೇಬ್ರ, ನನ್ನ ಸರ್ಟಿಫಿಕೇಟ್ ಕೇಳಾಕ ಬಂದೀರೇನ್ರಿ?" ನಾಗಮ್ಮ ಒಂದು ಉದ್ದ ಕಾಯಿಯನ್ನು ತೋರಿಸಿದರು. "ಅಕಾ, ಅಲ್ಲಿ ಜೋತು ಬಿದ್ದೈತಿ ನೋಡ್ರಿ."

"ಆಯಿ, ಸುಮ್ನಿರು. ಸರ್ ಬರಕೊಳ್ಳಾಕತ್ತಾರ," ಎಂದರು ಟೀಚರ್.

"ಬರಕೊಳ್ಳಲಿ ಬಿಡವಾ. ಬರದದ್ದಕ್ಕ ನೀರು ಹಾಕೂ ಕೆಲಸಿಲ್ಲ, ಆರಾಮ."

ಆಗ ಮೊದಲ ಸೀಟಿ ಕೇಳಿತು.

ಪಕ್ಕದ ನಿವೇಶನದಲ್ಲಿ ನೆಲಮಾಳಿಗೆಗಾಗಿ ಬಂಡೆ ಸಿಡಿಸುತ್ತಿದ್ದರು, ದಿನವೂ ಹನ್ನೊಂದರ ಸುಮಾರಿಗೆ. ಮೊದಲ ಸೀಟಿಗೆ ಎಲ್ಲರೂ ಒಳಗೆ, ಎರಡನೆಯದಕ್ಕೆ ರಸ್ತೆ ಬಂದ್, ಮೂರನೆಯದಕ್ಕೆ ಸ್ಫೋಟ. ಮಕ್ಕಳು ಕಳೆ ತೆಗೆಯುವ ಕುರುಪಿ ಕೆಳಗಿಟ್ಟು ದೊಡ್ಡ ಬಂಡೆಯ ಮರೆಯಲ್ಲಿದ್ದ ಶೆಡ್ಡಿನ ಕಡೆ ಹೊರಟರು. ನನ್ನ ಫೋಟೊ ಇನ್ನೂ ಆಗಿರಲಿಲ್ಲ.

"ಟೀಚರ್, ಎರಡೇ ನಿಮಿಷ," ಎಂದೆ. "ಮಕ್ಕಳು ಚಪ್ಪರದ ಕೆಳಗೆ ನಿಲ್ಲಲಿ. ಫೋಟೊ ಇಲ್ಲದಿದ್ದರೆ ವರದಿ ಮುಂದೆ ಹೋಗುವುದಿಲ್ಲ."

ಈ ಮಾತುಗಳನ್ನು ನಾನು ಬದಲಾಯಿಸಿಲ್ಲ. ಟೀಚರ್ ರಸ್ತೆಯಲ್ಲಿ ಎತ್ತಿ ಹಿಡಿದಿದ್ದ ಕೆಂಪು ಬಾವುಟದ ಕಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮಕ್ಕಳನ್ನು ವಾಪಸ್ ಕರೆದರು. ಒಂಬತ್ತು ಮಕ್ಕಳು ಸಾಲಾಗಿ ನಿಂತರು. ಎರಡನೇ ಸೀಟಿಯೂ ಆಯಿತು. ಬಾವುಟ ಹಿಡಿದಿದ್ದ, ಯಾದಗಿರಿ ಎಂಬ ಹೆಸರಿನ ತೆಲುಗು ಕಾವಲುಗಾರ, ರಸ್ತೆಯಿಂದ "ಸಾರ್, ಲೋಪಲಿಕಿ ವೆಳ್ಳಂಡಿ!" ಎಂದು ಕೂಗುತ್ತ ನಮ್ಮತ್ತ ಓಡತೊಡಗಿದ. ಒಳಗೆ ಹೋಗಿ ಎನ್ನುತ್ತಿದ್ದ. ನಾನು ಕೈಯೆತ್ತಿ, ಸ್ವಲ್ಪ ತಾಳು ಎಂದು ಸನ್ನೆ ಮಾಡಿದೆ. ಮೂರನೆಯದನ್ನು ಊದುವವನು ಬಂಡೆಯ ಆಚೆ ಇದ್ದ. ಅವನಿಗೆ ನಾವು ಕಾಣುತ್ತಿರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

ನಾಗಮ್ಮ ಸಾಲಿನೊಳಗೆ ನುಗ್ಗಿದರು. "ಏ, ಬರ್ರ್ಯೋ! ಯಾರ ಮಾತೂ ಕೇಳಬ್ಯಾಡ್ರಿ!" ಇಬ್ಬರನ್ನು ರಟ್ಟೆ ಹಿಡಿದು ಎಳೆದರು. ನನ್ನ ಕಡೆ ತಿರುಗಿ, "ಫೋಟೊ ನಿಮ್ದು, ಕೂಸುಗೋಳು ನಮ್ಮವು, ಸಾಹೇಬ್ರ," ಎಂದರು. ಉಳಿದವರೂ ಅವರ ಹಿಂದೆ ಓಡಿದರು, ಟೀಚರೂ. ನನಗೆ ಸಿಟ್ಟು ಬಂತು. ಇದನ್ನೂ ಬರೆಯಬೇಕು. ಫೋನಿನ ಪರದೆಯಲ್ಲಿ ಖಾಲಿ ಚಪ್ಪರವನ್ನು ನೋಡುತ್ತ ನಿಂತೇ ಇದ್ದೆ.

ಸದ್ದು ನೆನಪಿಲ್ಲ. ಕಾಲಡಿಯ ನೆಲ ಉಸಿರು ತೆಗೆದುಕೊಂಡಂತೆ ಒಮ್ಮೆ ಮೇಲೆದ್ದು ಇಳಿಯಿತು. ಚಪ್ಪರದ ಗಳಗಳು ಬಹಳ ನಿಧಾನವಾಗಿ ಬಾಗಿಲು ತೆರೆದಂತೆ ಎರಡು ಕಡೆಗೆ ಸರಿದವು. ಬಿಳಿ ಧೂಳು ಹಿಟ್ಟಿನಂತೆ ಇಳಿಯಿತು, ಅದರೊಳಗೆ ಹಳದಿ ಹೂಗಳು ಒಂದೊಂದಾಗಿ. ಎಷ್ಟು ಚೆಂದವಿದೆ ಎಂದುಕೊಂಡದ್ದು ನೆನಪಿದೆ. ಅದಕ್ಕಾಗಿ ಇಂದಿಗೂ ನಾಚಿಕೆಯಾಗುತ್ತದೆ. ಧೂಳು ಸರಿದಾಗ, ಎಡದಿಂದ ಮೂರನೆಯ ಮಗು ನಿಂತಿದ್ದ ಜಾಗದಲ್ಲಿ ಒರಳುಗುಂಡಿನಷ್ಟು ದಪ್ಪದ ಕಲ್ಲು ಮಣ್ಣಿಗೆ ಅರ್ಧ ಇಳಿದಿತ್ತು. ನನ್ನ ಭುಜಕ್ಕೆ ಸಣ್ಣ ಚೂರುಗಳಷ್ಟೇ ತಾಗಿದ್ದವು. ಶೆಡ್ಡಿನೊಳಗೆ ನಾಗಮ್ಮ ಪ್ರತಿಯೊಂದು ಮಗುವಿನ ತಲೆ ಮುಟ್ಟಿ ನೋಡುತ್ತಿದ್ದರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ಒಂದು ಚೊಂಬು ನೀರು ಕೊಟ್ಟರು.

ಹೊರಡುವಾಗ ಟೀಚರ್ ಗೇಟಿನವರೆಗೆ ಬಂದರು. "ಸರ್, ಇದನ್ನ ಬರೀಬ್ಯಾಡ್ರಿ. ಬರದ್ರ ತೋಟ ಹೋಗ್ತೈತಿ. ಆಯಿ ಇಟ್ಟಂಗಿ ಹೊರಾಕ ಹೋಗ್ತಾಳ. ಹುಡುಗ್ರು ಮತ್ತ ಗುಂಡಿ ದಂಡಿಗೆ."

ಬರೆಯದಿದ್ದರೆ ನನ್ನ ಮಾನವೂ ಉಳಿಯುತ್ತಿತ್ತು. ಮೂರು ದಿನ ಕಾಗದ ಮುಟ್ಟಲಿಲ್ಲ. ನಾಲ್ಕನೆಯ ದಿನ ವೇಳೆ, ಹೆಜ್ಜೆ, ನನ್ನ ಮಾತು, ಎಲ್ಲವನ್ನೂ ಬರೆದು ಕಳಿಸಿದೆ. ಜಾಗ ಸುರಕ್ಷಿತವಲ್ಲ ಎಂದು ಕಮಿಟಿ ಅರ್ಜಿ ತಿರಸ್ಕರಿಸಿತು. ಅದು ಸರಿಯಾದ ತೀರ್ಮಾನವೇ. ಟೀಚರ್ ಹತ್ತು ದಿನ ನನ್ನ ಫೋನ್ ಎತ್ತಲಿಲ್ಲ. ಎತ್ತಿದಾಗ "ಇನ್ನೇನ ಬರಿಯೂದು ಉಳದೈತ್ರಿ ಸರ್?" ಎಂದರು.

ಬೇರೆ ಜಾಗಕ್ಕೆ ಹೊಸ ಅರ್ಜಿ ಉಳಿದಿದೆ ಎಂದೆ. ಪರಿಶೀಲಿಸುವವನು ಅರ್ಜಿ ಬರೆದುಕೊಡುವಂತಿಲ್ಲ ಎಂಬ ನಿಯಮವಿತ್ತು. ಆದ್ದರಿಂದ ಪರಿಶೀಲನೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಹತ್ತಿರದ ಒಂದು ಸರ್ಕಾರಿ ಶಾಲೆಯ ಹೆಡ್‌ಮಾಸ್ತರರನ್ನು ಟೀಚರೂ ನಾನೂ ನಾಲ್ಕು ಸಲ ಕಂಡೆವು. ಕಾಂಪೌಂಡಿನ ಹಿಂದಿನ ಪಟ್ಟಿ ಜಾಗ ಸಿಕ್ಕಿತು. ಹೊಸ ಅರ್ಜಿಯ ಅರ್ಹತೆಯ ಕಾಲಮ್ಮಿನಲ್ಲಿ ಆ ಗುರುವಾರ ನಾಗಮ್ಮ ಮಾಡಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದೆವು. ಬೇಲಿಗೆ ಗ್ರಾಂಟ್ ಬರಲಿಲ್ಲ, ಗೌರವಧನ ಬಂತು. ಅವರು ಅಲ್ಲಿ ಎರಡು ಮಳೆಗಾಲ ಕಲಿಸಿದರು.

ನೋಡಲು ಬಂದವನ ಕಣ್ಣಿಗೆ ತಕ್ಕಂತೆ ಜನ ನಿಲ್ಲುತ್ತಾರೆ, ಅವನ ಕೈಯಲ್ಲಿ ಅವರಿಗೆ ಬೇಕಾದದ್ದು ಇರುತ್ತದೆ. ಹೀಗೆ ನಿಲ್ಲಿ ಎನ್ನುವ ಮೊದಲು, ದಿನವೂ ನೀವು ಎಲ್ಲಿ ನಿಲ್ಲುವುದಿಲ್ಲ ಎಂದು ಕೇಳಬೇಕು. ಮೂರು ದಶಕದ ನೌಕರಿ ಕಲಿಸದ್ದನ್ನು ನಾನು ಅಲ್ಲಿ ಕಲಿತೆ.

ಅಂದು ಕಂಡವರಲ್ಲಿ ನಾಗಮ್ಮ ಈಗಿಲ್ಲ, ಹೋದ ವರ್ಷ ಊರಿನಲ್ಲಿ ತೀರಿಕೊಂಡರು. ಸುಮಂಗಲಾ ಟೀಚರ್ ಇದ್ದಾರೆ. ಬಾವುಟದ ಯಾದಗಿರಿ ಇದ್ದಾನೆ. ಭೀಮಾಶಂಕರ, ಶರಣಮ್ಮ, ಹುಲಿಗೆಮ್ಮ, ಚಂದ್ರು, ರೇಣುಕಾ, ಮೌನೇಶ, ದೇವಿಂದ್ರ, ಮಲ್ಲಮ್ಮ ಇದ್ದಾರೆ. ಸಾಲಿನಲ್ಲಿ ಎಡದಿಂದ ಮೂರನೆಯವಳಾಗಿ ನಿಂತಿದ್ದ ಯಲ್ಲಮ್ಮ ಇದ್ದಾಳೆ.