ಒಂದೇ ಕೈಯಲ್ಲಿ ಕಟ್ಟಿಕೊಳ್ಳುವ ವಾಚು

ನನ್ನ ಹೆಂಡತಿಯ ತಮ್ಮನ ಎಡಗೈ ಮುರಿದವನು ನಾನು. ಸಲಿಕೆಯ ಕಾವಿನಿಂದ ಹೊಡೆದು ಮುರಿದೆ. ಅವನು ಆಗ ಮೀಸೆ ದಪ್ಪಗಾಗದ ಹುಡುಗ, ಈಗ ಮೊಮ್ಮಕ್ಕಳಿರುವ ಮನುಷ್ಯ. ಇಷ್ಟು ವರ್ಷವೂ ಆ ಕೈ ಮೊಣಕೈಯಲ್ಲಿ ಮಡಚಿಕೊಂಡೇ ಎದೆಗೆ ಅಂಟಿದಂತಿದೆ. ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ, ಪೂರ್ತಿ ಮುಚ್ಚುವುದೂ ಇಲ್ಲ.

ಈ ವರ್ಷ ಆಷಾಢದಲ್ಲಿ ಅವನಿಗೊಂದು ಕೈಗಡಿಯಾರ ಕೊಳ್ಳಲು ದೇವದುರ್ಗದಿಂದ ರಾಯಚೂರಿಗೆ ಹೋದೆ. ಹೋಗಲು ಕಾರಣ ನನ್ನ ಹೆಂಡತಿ ಆಡಿದ ಒಂದು ಮಾತು. ಅವಳು ತವರಿಗೆ ಫೋನು ಮಾಡಿ ಇಟ್ಟವಳು, ನನ್ನ ಮುಖ ನೋಡದೆ ಅಂದಳು:

"ತಮ್ಮನ ಮೊಬೈಲ್ ಮತ್ತ ಕಾಲುವಿಗೆ ಬಿತ್ತಂತ. ಇರೋ ಒಂದ ಕೈಯಾಗ ಸಲಿಕಿ ಹಿಡೀಬೇಕೋ, ಟೈಮ್ ನೋಡಬೇಕೋ."

ಅವಳ ತವರು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್. ಅಲ್ಲಿ ಈಗಲೂ ಕಾಲುವೆಯ ನೀರು ಪಾಳಿಯ ಮೇಲೆ ಬರುತ್ತದೆ. ಇಂತಿಷ್ಟು ತಾಸು ಒಬ್ಬರ ಹೊಲಕ್ಕೆ, ಆಮೇಲೆ ಇನ್ನೊಬ್ಬರ ಹೊಲಕ್ಕೆ. ಹೊತ್ತು ನೋಡಿ ಒಡ್ಡು ಕಡಿಯಬೇಕು, ಹೊತ್ತು ನೋಡಿ ಒಡ್ಡು ಕಟ್ಟಬೇಕು. ಒಂದು ಗಳಿಗೆ ತಪ್ಪಿದರೂ ಜಗಳ. ನನ್ನ ಅವ್ವ ಅದೇ ಊರಿನ ಮಗಳು. ಅವಳ ತಂದೆ ಅರಿಶಿನ ಕುಂಕುಮಕ್ಕೆಂದು ಅವಳಿಗೆ ಬರೆದುಕೊಟ್ಟಿದ್ದ ಎರಡು ಎಕರೆ ಗದ್ದೆ ಮುಂದೆ ನನಗೆ ಬಂತು. ನನಗೆ ಹೆಣ್ಣು ಕೊಟ್ಟವನು ಅವ್ವನ ಅಣ್ಣ, ನನ್ನ ಸೋದರಮಾವ. ಅವನ ಗದ್ದೆ ಮೇಲೆ, ನನ್ನದು ಕೆಳಗೆ. ಎರಡಕ್ಕೂ ಒಂದೇ ಕಾಲುವೆ.

ನಮ್ಮಲ್ಲಿ ಮದುವೆಯಲ್ಲಿ ಹೆಣ್ಣಿನ ಕಡೆಯವರು ಮದುಮಗನಿಗೆ ಉಂಗುರ ಹಾಕಿ ವಾಚು ಕಟ್ಟುತ್ತಾರೆ. ನನಗೆ ವಾಚು ಕಟ್ಟಿದವನು, ಅಕ್ಕನ ಗಂಡನೆಂದು ನನ್ನನ್ನು ಮಾವಾ ಅನ್ನುವ ಈ ಹುಡುಗನೇ. ಊರ ಪಕ್ಕದ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಅದರ ಕೂಲಿಯಲ್ಲಿ ಕೊಂಡಿದ್ದ. ಬಿಳಿ ಮುಖ, ಕಪ್ಪು ಅಂಕಿ, ಚರ್ಮದ ಪಟ್ಟಿ, ದಿನವೂ ಕೀಲಿ ಕೊಡಬೇಕು. ನಾನು ಹತ್ತನೇ ತರಗತಿ ಪಾಸಾದವನು, ದೇವದುರ್ಗದ ಹತ್ತಿ ಅಂಗಡಿಯಲ್ಲಿ ಗುಮಾಸ್ತ. ನನ್ನ ಜೊತೆಯ ಗುಮಾಸ್ತರ ಕೈಯಲ್ಲಿ ಬಂಗಾರದ ಬಣ್ಣದ ವಾಚುಗಳು ಹೊಳೆಯುತ್ತಿದ್ದವು. ನನ್ನದನ್ನು ನೋಡಿ ಒಬ್ಬ, ಇದು ಮಾಸ್ತರರ ವಾಚಲ್ಲವೇ ಎಂದು ನಕ್ಕ. ಅವತ್ತು ಮನೆಗೆ ಬಂದು ಕಾರಣವಿಲ್ಲದೆ ಅನ್ನದ ತಾಟು ಒದ್ದೆ. ತಾಟು ಹೋಗಿ ಹೆಂಡತಿಯ ಮೊಣಕಾಲಿಗೆ ಬಡಿಯಿತು. ಹಸಿ ಮದುವೆ ಅದು, ಅವಳ ಕಾಲಿನ ಅರಿಶಿನ ಇನ್ನೂ ಹೋಗಿರಲಿಲ್ಲ.

ಸಂತೆಯ ದಿನ ದೇವದುರ್ಗದಲ್ಲಿ ಒಬ್ಬ ಚಾಪೆ ಹಾಸಿಕೊಂಡು ವಾಚು ಮಾರುತ್ತಿದ್ದ. ಮದುವೆಯ ವಾಚನ್ನು ಅವನಿಗೆ ಕೊಟ್ಟು, ಮೇಲೊಂದಿಷ್ಟು ದುಡ್ಡು ಹಾಕಿ, ಬಂಗಾರದ ಬಣ್ಣದ್ದನ್ನು ತೆಗೆದುಕೊಂಡೆ. ಮುಖದ ಮೇಲೆ ಪರದೇಶದ ಹೆಸರಿತ್ತು. ಕಿವಿಗೆ ಹಿಡಿದೆ, ಟಿಕ್ ಟಿಕ್ ಅನ್ನುತ್ತಿತ್ತು. ಅಷ್ಟೇ ನಾನು ಮಾಡಿದ ಪರೀಕ್ಷೆ. ಎರಡು ದಿನ ಕಟ್ಟಿಕೊಂಡು ಬೇರೆ ಗಡಿಯಾರದ ಜೊತೆ ಹೋಲಿಸಿ ನೋಡಬೇಕೆಂಬ ಬುದ್ಧಿ ಬರಲಿಲ್ಲ.

ಭತ್ತ ತೆನೆ ಕಟ್ಟುವ ಹೊತ್ತು. ಆಗ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ನನ್ನ ಪಾಳಿ ಮಧ್ಯಾಹ್ನ ಹನ್ನೆರಡಕ್ಕೆ ಮುಗಿದು ಹೆಂಡತಿಯ ತಮ್ಮನ ಪಾಳಿ ಸುರುವಾಗಬೇಕಿತ್ತು. ನಾನು ಕಾಲುವೆಯ ಪಕ್ಕ ಕೂತಿದ್ದೆ. ನನ್ನ ಗದ್ದೆಯ ಕೊನೆಯ ಮಡಿ ಇನ್ನೂ ನೆನೆದಿರಲಿಲ್ಲ. ಅವನು ಬಂದವನೇ ತನ್ನ ಗದ್ದೆಯ ಕಡೆ ಒಡ್ಡು ಕಡಿಯತೊಡಗಿದ. ಕೈ ನೋಡಿಕೊಂಡೆ. ಹನ್ನೊಂದೂವರೆ.

"ಇನ್ನೂ ಅರ್ಧ ತಾಸು ಅದಲೇ," ಅಂದೆ.

"ಭೋಂಗಾ ಆತಲ್ಲ ಮಾವಾ, ಕೇಳಿಸಲಿಲ್ಲೇನು?" ಅಂದ. ಗಿರಣಿಯಲ್ಲಿ ಹನ್ನೆರಡಕ್ಕೆ ಊಟದ ಭೋಂಗಾ ಕೂಗುತ್ತಿತ್ತು. ಸುತ್ತಲ ಹೊಲದವರೆಲ್ಲ ಅದನ್ನೇ ನಂಬುತ್ತಿದ್ದರು. ನನಗೂ ಕೇಳಿಸಿತ್ತು. ಇವನು ಗಿರಣಿಯವರಿಗೆ ಹೇಳಿ ಮೊದಲೇ ಕೂಗಿಸಿದ್ದಾನೆ ಎಂದುಕೊಂಡಿದ್ದೆ. ಇವತ್ತು ಬರೆಯುವಾಗ ಹುಚ್ಚುತನ ಅನ್ನಿಸುತ್ತದೆ, ಆದರೆ ಆವತ್ತು ನಿಜವಾಗಿಯೂ ಹಾಗೆ ನಂಬಿದ್ದೆ. ನಾನು ಕೈ ಮುಂದೆ ಮಾಡಿ ವಾಚು ತೋರಿಸಿದೆ. ಅವನು ನಕ್ಕ.

"ಬಂಗಾರದ ಬಣ್ಣ ಬಳ್ಯಾರ ಮಾವಾ, ಒಳಗ ಟೈಮ್ ಹಾಕಾದು ಮರ್ತಾರ."

ಅವನ ಕೈಯಿಂದಲೇ ಸಲಿಕೆ ಕಿತ್ತುಕೊಂಡು, ತಿರುಗಿಸಿ ಹಿಡಿದು ಕಾವಿನಿಂದ ಬೀಸಿದೆ. ಮುಖಕ್ಕೆ ಬೀಸಿದ್ದು. ಅವನು ಎಡಗೈ ಅಡ್ಡ ತಂದ. ಹಸಿ ಜಾಲಿ ಟೊಂಗೆ ಮುರಿದ ಹಾಗೆ ಸದ್ದಾಯಿತು. ನಾನು ನಿಲ್ಲಿಸಲಿಲ್ಲ. ಎರಡನೇ ಏಟು ಮೊಣಕೈಗೆ ಬಿತ್ತು. ಅವನು ಕಾಲುವೆಯ ಕೆಸರಿಗೆ ಬಿದ್ದ ಮೇಲೆ ಬೆನ್ನಿಗೆ ಹೊಡೆದೆ, ತೊಡೆಗೆ ಹೊಡೆದೆ. ಕತ್ತು ಹಿಡಿದು ಮುಖವನ್ನು ನೀರಿಗೆ ಒತ್ತಿದೆ. ಬಿಟ್ಟಾಗ ಬಾಯಿ ತುಂಬ ರಾಡಿ, ಮೂಗಿನಿಂದ ರಕ್ತ. "ಸಾಕು ಮಾವಾ" ಅಂದ. ಬೈಯಲಿಲ್ಲ, ತಿರುಗಿ ಕೈ ಎತ್ತಲಿಲ್ಲ. ಎತ್ತುವ ಕೈ ಒಂದು ಬದಿಗೆ ಹೊರಳಿ ಬಿದ್ದಿತ್ತು, ಅವನ ಮೈಗೆ ಸೇರಿದ್ದೇ ಅಲ್ಲವೇನೋ ಎಂಬಂತೆ.

ಆಮೇಲೆ ನಾನು ಮಾಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ಅವನು ಕಡಿದ ಒಡ್ಡನ್ನು ಮುಚ್ಚಿದೆ. ನೀರು ನನ್ನ ಗದ್ದೆಗೆ ತಿರುಗಿತು. ಅವನು ನರಳುತ್ತ ಬಿದ್ದಿದ್ದ ಜಾಗದಿಂದ ನಾಲ್ಕು ಮಾರು ದೂರದಲ್ಲಿ ಕೂತು ವಾಚು ನೋಡುತ್ತ ಕಾದೆ. ಮುಳ್ಳುಗಳು ಹನ್ನೆರಡಕ್ಕೆ ಬಂದ ಮೇಲೆ ಎದ್ದು, ಒಡ್ಡು ಕಡಿದು, ನೀರನ್ನು ಅವನ ಗದ್ದೆಗೆ ಬಿಟ್ಟೆ. ಅವನಿಗೆ ಸಲ್ಲಬೇಕಾದ್ದು ಸಲ್ಲಿಸಿದ ಹಾಗೆ ಅನ್ನಿಸಿತು. ಧೋತರ ಕೊಡವಿಕೊಂಡು ರಸ್ತೆಗೆ ನಡೆದೆ.

ರಸ್ತೆಯ ಪಕ್ಕದ ಚಹಾದ ಅಂಗಡಿಯಲ್ಲಿ ರೇಡಿಯೊ ಹಾಡುತ್ತಿತ್ತು. ನಾನು ಚಹಾ ಕುಡಿಯುತ್ತಿರುವಾಗ ಅದು ಹೊತ್ತು ಹೇಳಿತು. ವಾಚು ನೋಡಿಕೊಂಡೆ. ಸರಿಯಾಗಿ ಅರ್ಧ ತಾಸು ಹಿಂದಿತ್ತು. ಲೋಟ ಇಟ್ಟು ಎದ್ದವನು ಹೊಲದ ಕಡೆ ತಿರುಗಬಹುದಿತ್ತು. ದೇವದುರ್ಗದ ದಾರಿಯ ಸಿರವಾರದ ಬಸ್ಸು ಬಂತು, ಹತ್ತಿದೆ.

ಅವನನ್ನು ಸಂಜೆ ಯಾರೋ ದನ ಕಾಯುವವರು ಹೊತ್ತು ತಂದರಂತೆ. ಎಲುಬು ಕಟ್ಟುವವನೊಬ್ಬ ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಕೈ ಹಾಗೇ ಕೂಡಿಕೊಂಡಿತು. ಕೇಳಿದವರಿಗೆಲ್ಲ ಅವನು ಒಡ್ಡಿನ ಮೇಲಿಂದ ಜಾರಿ ಬಿದ್ದೆ ಎಂದು ಹೇಳಿದ. ಅಕ್ಕನ ಸಂಸಾರದ ಚಿಂತೆ ಅವನಿಗೆ. ನನ್ನ ಹೆಂಡತಿಗೆ ಮಾತ್ರ ಸತ್ಯ ತಿಳಿಯಿತು. ತಮ್ಮನಿಗೆ ಏನು ಮಾಡಿದಿ ಎಂದು ಕೇಳಿದಳು. ಅವಳ ಎರಡೂ ಕೈ ಹಿಡಿದು ಗೋಡೆಗೆ ಬಡಿದೆ, ಬಳೆಗಳೆಲ್ಲ ಒಡೆದು ಚರ್ಮಕ್ಕೆ ಹೊಕ್ಕವು. ಆಮೇಲೆ ಬಂಗಾರದ ಬಣ್ಣದ ವಾಚನ್ನು ಒಳಕಲ್ಲಿಗೆ ಹಾಕಿ ಗುಂಡುಕಲ್ಲಿನಿಂದ ಜಜ್ಜಿದೆ. ತಪ್ಪೆಲ್ಲ ಅದರದೇ ಎಂಬಂತೆ ಪುಡಿ ಪುಡಿ ಮಾಡಿದೆ. ಆವತ್ತಿನಿಂದ ನಾನು ವಾಚು ಕಟ್ಟಿಲ್ಲ. ಹೊಡೆಯುವುದನ್ನು ಬಿಡಲು ಮಾತ್ರ ಇನ್ನೂ ಬಹಳ ವರ್ಷ ಹಿಡಿಯಿತು. ಬಿಟ್ಟೆ ಅನ್ನುವುದಕ್ಕಿಂತ ಮೈಯಲ್ಲಿ ಕಸುವು ಕಡಿಮೆಯಾಯಿತು ಅನ್ನಬೇಕೇನೋ.

ಪಂಚಮಿ ಹಬ್ಬಕ್ಕೆ ಹೆಣ್ಣುಮಗಳನ್ನು ತವರಿಗೆ ಕರೆಯಲು ಅಣ್ಣನೋ ತಮ್ಮನೋ ಬರಬೇಕು. ಅವನು ಒಂದು ವರ್ಷವೂ ತಪ್ಪಿಸಲಿಲ್ಲ. ಕೈ ಮುರಿದ ಮರುವರ್ಷವೂ ಬಂದ. ಆದರೆ ನನ್ನ ಮನೆಯ ಹೊಸ್ತಿಲು ದಾಟಲಿಲ್ಲ. ಎದುರಿನ ಬೇವಿನ ಮರದ ಕೆಳಗೆ ನಿಲ್ಲುತ್ತಾನೆ, ಅಕ್ಕ ಚೀಲ ಹಿಡಿದು ಬರುವತನಕ ಕಾಯುತ್ತಾನೆ, ಕರೆದುಕೊಂಡು ಹೋಗುತ್ತಾನೆ. ನನ್ನ ಮನೆಯ ನೀರು ಕುಡಿಯುವುದಿಲ್ಲ. ಹೆಂಡತಿ ತಂಬಿಗೆ ಒಯ್ದು ಕೊಟ್ಟರೂ "ಒಲ್ಲೆ ಅಕ್ಕಾ" ಅನ್ನುತ್ತಾನೆ. ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಬಂದವನ ತುಟಿ ಒಣಗಿರುವುದು ನನಗೆ ಕಿಟಕಿಯಿಂದಲೇ ಕಾಣುತ್ತದೆ. ಅವನಿಗೆ ನನ್ನ ಕೈಯಿಂದ ಏನನ್ನಾದರೂ ಕೊಡಬೇಕು, ಅವನು ಅದನ್ನು ತೆಗೆದುಕೊಳ್ಳಬೇಕು. ಸಾಯುವುದರೊಳಗೆ ನನಗೆ ಬೇಕಾಗಿದ್ದುದು ಅಷ್ಟೇ.

ಹಾಗಾಗಿ ರಾಯಚೂರು. ತೀನ್ ಕಂದೀಲ್ ವೃತ್ತದ ಹತ್ತಿರ ಒಂದು ವಾಚಿನ ಅಂಗಡಿ ಹೊಕ್ಕೆ. ವೃದ್ಧಾಪ್ಯ ಪಿಂಚಣಿಯಲ್ಲಿ ಉಳಿಸಿದ್ದು ಎರಡು ಸಾವಿರದ ಒಳಗಿತ್ತು. ಅಷ್ಟರಲ್ಲಿ ಒಳ್ಳೆಯದು ಬೇಕು, ನೀರು ಹೊಗದಂಥದ್ದು, ಅಂಕಿ ದಪ್ಪಗಿರಬೇಕು, ಮಾನ್ವಿಯಲ್ಲೂ ಶೆಲ್ಲು ಸಿಗಬೇಕು ಅಂದೆ. ಅಂಗಡಿಯವನು ಪ್ರಾಯದವನು, ಬಾಯಲ್ಲಿ ಗುಟ್ಕಾ. ಒಂದಿಷ್ಟು ವಾಚು ಹರವಿದ. ನಾನು ಎಡಗೈಯನ್ನು ಎದೆಗೆ ಮಡಚಿಕೊಂಡು, ಬೆರಳನ್ನು ಅರ್ಧ ಮುಷ್ಟಿ ಮಾಡಿ, ಬಲಗೈ ಒಂದರಿಂದಲೇ ಕಟ್ಟಿಕೊಳ್ಳಲು ನೋಡಿದೆ. ಚರ್ಮದ ಪಟ್ಟಿಯವು ಯಾವುವೂ ಆಗಲಿಲ್ಲ. ಬಕಲಿನ ಮುಳ್ಳು ತೂತಿಗೆ ಸಿಗುವುದರೊಳಗೆ ವಾಚು ಜಾರಿ ಬೀಳುತ್ತಿತ್ತು. ಹೆಂಡತಿಯ ತಮ್ಮ ಬಲಗೈಯೊಂದರಲ್ಲೇ ಒಂದು ಅಂಗಿಗುಂಡಿ ಹಾಕಿಕೊಳ್ಳಲು ಎಷ್ಟು ಕಷ್ಟಪಟ್ಟಿರಬೇಕು ಎಂದು ಮೊದಲ ಸಲ ನನ್ನ ಬೆರಳಿಗೆ ತಿಳಿಯಿತು. ಸ್ಟೀಲಿನ ಕೊಂಡಿ ಒತ್ತುವಂಥದ್ದೂ ಆಗಲಿಲ್ಲ. ಸ್ಪ್ರಿಂಗಿನಂತೆ ಹಿಗ್ಗುವ ಚೈನಿನವು ಎರಡಿದ್ದವು. ಒಂದು ನನ್ನ ಮುಷ್ಟಿಯ ಮೇಲೆ ಅರ್ಧಕ್ಕೆ ಸಿಕ್ಕಿಕೊಂಡು ಚರ್ಮ ಕಚ್ಚಿತು, ರಕ್ತ ಬಂತು.

ಅಂಗಡಿಯವನಿಗೆ ಬೇಸರ ಬಂತು. ಒಳಗಿನಿಂದ ಬಂಗಾರದ ಬಣ್ಣದ್ದೊಂದನ್ನು ತಂದಿಟ್ಟ.

"ಯಜಮಾನ್ರ, ಹೊಲದಾಗ ದುಡಿಯೋರಿಗೆ ಇದಾ ಸಾಕ್ರಿ. ನಿಮ್ಮ ರೇಟಿನಾಗ ಅರ್ಧಕ್ಕ ಬರ್ತದ. ಎರಡ್ಮೂರು ನಿಮಿಷ ಹಿಂದ ಮುಂದ ಆದ್ರ ಏನ್ ಆಗ್ತದ್ರಿ?"

ಏನಾಗುತ್ತದೆ ಎಂದು ಕೇಳಿದ. ಅವನ ಮಣಿಕಟ್ಟು ನನ್ನ ಕೈಯಲ್ಲಿತ್ತು. ಯಾವಾಗ ಹಿಡಿದೆನೋ ಗೊತ್ತಿಲ್ಲ. ತಿರುಚಿದ್ದೆ ಕೂಡ. ಅವನ ಮುಖ ಗಾಜಿನ ಮೇಜಿಗೆ ಬಾಗಿತ್ತು, ಬಾಯಿಂದ ಗುಟ್ಕಾ ಗಾಜಿನ ಮೇಲೆ ಬಿತ್ತು. ಅವನ ಕಣ್ಣಲ್ಲಿ ಕಂಡದ್ದನ್ನು ನಾನು ಮೊದಲೂ ಕಂಡಿದ್ದೆ, ಕೆಸರು ಮೆತ್ತಿದ ಮುಖದಲ್ಲಿ. ಈ ಮುಪ್ಪಿನಲ್ಲೂ ಆ ಸಿಟ್ಟು ನನ್ನೊಳಗೆ ಹಾಗೇ ಇದೆ, ಅರ್ಧ ತಾಸೂ ಹಿಂದೆ ಬಿದ್ದಿಲ್ಲ. ಬಿಟ್ಟೆ. ಕೈ ಮುಗಿದು ತಪ್ಪಾಯಿತು ಅಂದೆ. ಅವನು ಕೈ ತಿಕ್ಕಿಕೊಳ್ಳುತ್ತ, ಮುದುಕ ಅಂತ ಬಿಟ್ಟೀನಿ, ವಾಚ್ ತಗೊಂಡು ನಡೀರಿ ಅಂದ. ನಾನು ಎರಡನೇ ಚೈನಿನ ವಾಚು ತೋರಿಸಿದೆ. ಬಿಳಿ ಮುಖ, ಕಪ್ಪು ಅಂಕಿ. ಮುಷ್ಟಿಯ ಮೇಲೆ ಸರಾಗ ಹೋಯಿತು.

ಈ ಸಲ ತಪ್ಪು ಮಾಡಲಿಲ್ಲ. ಪಂಚಮಿಯವರೆಗೆ ಅದನ್ನು ಕಟ್ಟಿಕೊಂಡು ದಿನವೂ ಮೊಬೈಲಿನ ಜೊತೆ ಹೋಲಿಸಿ ನೋಡಿದೆ. ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ. ಹೆಂಡತಿ ನೋಡುತ್ತಿದ್ದಳು.

ಅವನು ಬಂದ. ಬೇವಿನ ಮರದ ಕೆಳಗೆ ನಿಂತ. ನಾನು ರಸ್ತೆ ದಾಟಿ ಹೋಗಿ ವಾಚು ಚಾಚಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಇಷ್ಟು ವರ್ಷದ ಮೇಲೂ ನನ್ನ ಕೈ ಅವನ ಕಡೆ ಚಾಚಿದರೆ ಅವನ ಮೈ ಹಿಂದೆ ಸರಿಯುತ್ತದೆ.

"ಒಂದ ಕೈಯಾಗ ಹಾಕ್ಕೋಬಹುದು," ಅಂದೆ.

ಅವನು ವಾಚನ್ನೇ ನೋಡಿದ. ಆಮೇಲೆ ಕೇಳಿದ: "ನಿನ್ನ ಮದುವ್ಯಾಗ ನಾ ಕಟ್ಟಿದ್ದು ಎಲ್ಲಿ ಅದ ಮಾವಾ?"

ಅದನ್ನು ಅವನು ಎಂದೂ ಕೇಳಿರಲಿಲ್ಲ. ಅದು ಪೆಟ್ಟಿಗೆಯಲ್ಲಿದೆ ಎಂದು ತಿಳಿದಿದ್ದನಂತೆ. ಹೇಳಿದೆ. ದೇವದುರ್ಗದ ಸಂತೆ, ಚಾಪೆ, ಬದಲಿ ಕೊಟ್ಟದ್ದು, ರೇಡಿಯೊ ಕೇಳಿದ ಮೇಲೂ ಬಸ್ಸು ಹತ್ತಿದ್ದು, ಅವನು ಬಿದ್ದಿದ್ದಾಗ ಹನ್ನೆರಡು ಆಗಲೆಂದು ಪಕ್ಕದಲ್ಲಿ ಕೂತು ಕಾದದ್ದು. ಕೊನೆಯದನ್ನು ಹೇಳುವಾಗ ಅವನು ಕಣ್ಣು ಮುಚ್ಚಿದ.

"ಗೊತ್ತದ. ಕಣ್ಣು ತೆರದಾ ಇದ್ದೆ," ಅಂದ. ಆಮೇಲೆ, "ಆ ವಾಚ್ ಭಾಳ ಚೊಲೋ ಇತ್ತು ಮಾವಾ. ನಿನಗ ಕಟ್ಟೋಕಿಂತ ಮೊದಲ ಎಂಟು ದಿನ ನಾನಾ ಕಟ್ಕೊಂಡು ಭೋಂಗಾದ ಜೋಡಿ ನೋಡಿದ್ದೆ. ಒಂದ ನಿಮಿಷ ಹಿಂದ ಬೀಳಲಿಲ್ಲ."

ನನ್ನ ಚಾಚಿದ ಕೈ ಹಾಗೇ ಇತ್ತು. ಬಸ್ಸು ಬಂತು. ಅವನು ತೆಗೆದುಕೊಳ್ಳಲಿಲ್ಲ. ನನ್ನ ಹೆಂಡತಿ ಚೀಲ ಹೆಗಲಿಗೇರಿಸಿ ಬಂದವಳು ನನ್ನ ಅಂಗೈಯಿಂದ ವಾಚು ಎತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು. ಇಬ್ಬರೂ ಬಸ್ಸು ಹತ್ತಿದರು.

ಹಬ್ಬ ಮುಗಿಸಿ ಬಂದಾಗ ಅವಳ ಸೆರಗಿನಲ್ಲಿ ಗಂಟಿರಲಿಲ್ಲ. ನಾನು ಕೇಳುವ ಧೈರ್ಯ ಮಾಡಲಿಲ್ಲ. ಅವಳೇ ಒಲೆಯ ಮುಂದೆ ಕೂತು, ಬೆಂಕಿಯ ಕಡೆ ನೋಡುತ್ತ ಹೇಳಿದಳು:

"ಎಂಟು ದಿನ ಕಟ್ಕೊಂಡು ನೋಡ್ತಾನಂತ. ಸರಿ ನಡೀದಿದ್ರ ವಾಪಸ್ ಕಳಸ್ತಾನಂತ."

ಆ ಎಂಟು ದಿನ ಕಳೆದವು, ಶ್ರಾವಣವೂ ಕಳೆಯಿತು. ಸಿರವಾರದ ಕಡೆಯಿಂದ ಬರುವ ಬಸ್ಸು ಮನೆಯ ಮುಂದೆ ನಿಧಾನವಾದಾಗಲೆಲ್ಲ ಯಾರಾದರೂ ಇಳಿದು ಒಂದು ಪೊಟ್ಟಣ ಕೊಟ್ಟು ಹೋಗುತ್ತಾರೇನೋ ಎಂದು ಎದ್ದು ನಿಲ್ಲುತ್ತೇನೆ. ಇವತ್ತಿನವರೆಗೂ ಯಾರೂ ಇಳಿದಿಲ್ಲ.