ನೆಗೆಣ್ಣಿಯ ಟ್ರಾವೆಲ್ ಡೆಸ್ಕು

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಫೋನಿನಲ್ಲಿ ಇಂಗ್ಲಿಷ್ ಮಾತಾಡುವಾಗ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಿದ್ದೆ. ತಪ್ಪು ಹುಡುಕಲು. "ಸರ್, ಕಾರ್ ಈಸ್ ಕಮಿಂಗ್ ಸರ್, ಯು ಡೋಂಟ್ ಟೆನ್ಶನ್ ಸರ್" ಎಂದು ಅವಳು ಹೇಳಿದರೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು. ಒಂದು ಕ್ರಿಯಾಪದ ತಪ್ಪಿದರೆ ನಮ್ಮ ಸಿಸ್ಟರು ಇಡೀ ವಾಕ್ಯವನ್ನು ಹತ್ತು ಸಲ ಬರೆಸುತ್ತಿದ್ದರು. ಅವಳು ಯಾವಗಲ್ಲು ಎಂಬ ಹಳ್ಳಿಯವಳು, ರೋಣದ ಕನ್ನಡ ಶಾಲೆಗೆ ಬಸ್ಸಿನಲ್ಲಿ ಓಡಾಡಿ ಕಲಿತವಳು. ಆದರೂ ಅವಳು ಕಳಿಸುವ ಪ್ರತಿ ಮೇಲ್‌ನ ಕೊನೆಗೆ, ಹೆಸರಿನ ಕೆಳಗೆ, 'ಟ್ರಾವೆಲ್ ಮ್ಯಾನೇಜರ್' ಎಂದಿರುತ್ತಿತ್ತು. ನನ್ನ ಹೆಸರಿನ ಕೆಳಗೆ ಏನೂ ಇರಲಿಲ್ಲ.

ನಮ್ಮೂರು ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ ಒಂದು ಕಂಪನಿಯಲ್ಲಿ ಅವಳ ಕೆಲಸ. ಮೊದಲು ಸೈಟ್ ಆಫೀಸಿನಲ್ಲಿ ಫೋನ್ ಎತ್ತುತ್ತಿದ್ದಳು, ಅಷ್ಟೇ. ಬಂದುಹೋಗುವ ಎಂಜಿನಿಯರುಗಳಿಗೆ ವಿಮಾನದ ಟಿಕೆಟ್ಟು, ಹುಬ್ಬಳ್ಳಿಯಿಂದ ಕಾರು, ಇಲ್ಲಿ ರೂಮು ನೋಡುತ್ತ ನೋಡುತ್ತ, ಕಂಪನಿಯ ಎಲ್ಲ ಸೈಟುಗಳ ಓಡಾಟ ಅವಳ ಕೈಗೆ ಬಂತು. ನಮ್ಮ ಪಡಸಾಲೆಯ ಕಿಟಕಿಯ ಬಳಿ ಮೇಜು ಬಂತು, ಲ್ಯಾಪ್‌ಟಾಪು ಬಂತು. ಹಿಂದಿನ ಓಣಿಯ ಮಗ್ಗಗಳ ಸದ್ದು ಫೋನಿನಲ್ಲಿ ಕೇಳಬಾರದೆಂದು ಅವಳು ಕಿಟಕಿಗೆ ಕೌದಿಯೊಂದನ್ನು ಕಟ್ಟಿದಳು. ಅದು ನಾನು ಹೊಲಿದ ಕೌದಿ.

ಇಷ್ಟೆಲ್ಲ ನುಂಗಿಕೊಳ್ಳಬಹುದಿತ್ತು. ಆದರೆ ಸಂಜೆ ನಾಲ್ಕಕ್ಕೆ ನಮ್ಮ ಅತ್ತೆ ತಾವೇ ಅವಳ ಮೇಜಿಗೆ ಚಹಾ ಒಯ್ಯುತ್ತಿದ್ದರು, ಆರಬಾರದೆಂದು ಮೇಲೆ ಕಪ್ಪಿನ ಬಸಿ ಮುಚ್ಚಿ. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನಗೆ ಯಾರೂ ಬಸಿ ಮುಚ್ಚಿದ ಚಹಾ ತಂದುಕೊಟ್ಟಿರಲಿಲ್ಲ. ಆ ಚಹಾ ಮಾಡುತ್ತಿದ್ದವಳೂ ನಾನೇ.

ಒಂದು ದಿನ ಅವಳು ಚೀಲ ತುಂಬುತ್ತ ಕರೆದಳು. ಹೊಳೆಆಲೂರಿನಲ್ಲಿದ್ದ ಅವಳ ಅಕ್ಕ ಜ್ವರ ಬಂದು ಮಲಗಿದ್ದಳು.

"ಅಕ್ಕಾರ, ಎರಡ ದಿನ ನನ್ನ ಡೆಸ್ಕ್ ನೋಡ್ಕೋತೀರೇನ್ರಿ? ನಮ್ಮ ಸಾಹೇಬ್ರು ಇನ್ನೊಬ್ಬರನ್ನ ತಗೋಬೇಕಂತ ಹುಡುಕಾಕತ್ಯಾರ. ನಾ ನಿಮ್ಮ ಹೆಸರ ಹೇಳೀನಿ."

"ನನಗೇನ ಬರ್ತೈತಿ, ಬಿಡು" ಎಂದೆ. ಆದರೆ ಆ ಕೆಲಸ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಗಂಡನಿಗೂ ಹೇಳಿಕೊಂಡಿರಲಿಲ್ಲ.

"ನಿಮ್ಮಂಥಾ ಇಂಗ್ಲಿಷ್ ನನಗೆಲ್ಲಿ ಬರ್ತೈತ್ರಿ? ಎಲ್ಲಾ ಈ ವಹಿಯೊಳಗ ಬರದೀನಿ, ಒಮ್ಮೆ ಓದ್ರಿ" ಎಂದು ಉದ್ದನೆಯ ನೋಟ್‌ಬುಕ್ಕು ಮೇಜಿನ ಮೇಲಿಟ್ಟು ಹೋದಳು.

ಮೊದಲ ಪುಟ ತೆರೆದೆ. 'ಈ ಸಾಹೇಬ್ರಿಗೆ ಮೊಸರು ಆಗಂಗಿಲ್ಲ. ಈ ಡ್ರೈವರಗ ಅರ್ಧಾ ತಾಸು ಮುಂಚೆ ಹೇಳಬೇಕು.' ನಗು ಬಂತು. ಇದಾ ಮ್ಯಾನೇಜರಿಕೆ ಎಂದು ಮುಚ್ಚಿಟ್ಟೆ. ಮರುದಿನ ಬೆಳಿಗ್ಗೆ ಮೂವರು ಅತಿಥಿಗಳು ಹುಬ್ಬಳ್ಳಿಯಿಂದ ಹತ್ತೂವರೆಯ ವಿಮಾನ ಹಿಡಿಯಬೇಕಿತ್ತು. ನಾನು ಅವರಿಗೆ ಎಂಥ ಮೇಲ್ ಬರೆದೆ! ಒಂದು ಕಾಮಾ ಕೂಡ ಆಚೀಚೆ ಇರಲಿಲ್ಲ. ಡ್ರೈವರನ ಫೋನಿಗೂ 'ಆರಕ್ಕೆ ಸರಿಯಾಗಿ ಗೆಸ್ಟ್ ಹೌಸ್' ಎಂದು ಮೆಸೇಜು ಕಳಿಸಿದೆ. ಆಮೇಲೆ ಒಳಗೆ ಹೋಗಿ ದೇವರ ಸಾಮಾನು ಬೆಳಗಿದೆ, ಹೋಳಿಗೆಗೆಂದು ಕಡಲೆಬೇಳೆ ಆರಿಸಿಟ್ಟೆ. ಮರುದಿನ ಅಮಾವಾಸ್ಯೆ. ಅಡುಗೆಮನೆಯಲ್ಲಿ ನನಗೆ ಅದು ನೆನಪಿತ್ತು. ಮೇಜಿನ ಮುಂದೆ ನೆನಪಾಗಲೇ ಇಲ್ಲ.

ಬೆಳಿಗ್ಗೆ ಆರು ದಾಟಿ ಹತ್ತು ನಿಮಿಷಕ್ಕೆ ಅತಿಥಿಯ ಫೋನು ಬಂತು: ಕಾರಿಲ್ಲ. ಡ್ರೈವರನಿಗೆ ಫೋನು ಹಚ್ಚಿದೆ. ಹಿಂದೆ ನೀರು ಸುರಿಯುವ ಸದ್ದು ಕೇಳುತ್ತಿತ್ತು.

"ಗಾಡಿ ತೊಳ್ಯಾಕತ್ತೀನ್ರಿ ಅಕ್ಕಾರ. ಇವತ್ತ ಅಮಾಸಿ ಅಲ್ರಿ? ಪೂಜಿ ಆಗದ ಗಾಲಿ ಉರಳಸಂಗಿಲ್ಲ ನಾ. ಎಂಟಾಕ್ಕೈತಿ."

"ಆರಕ್ಕ ಅಂತ ಬರದಿದ್ದೆನಲ್ಲೋ ಮಾರಾಯಾ!"

"ಬರದಿದ್ರಿ, ಖರೇ. ಸಣ್ಣ ಅಕ್ಕಾರಾಗಿದ್ರ ಅಮಾಸಿ ಹಿಂದಿನ ದಿನಾನ ಫೋನ್ ಮಾಡಿ, ನಸುಕಿನ್ಯಾಗ ಪೂಜಿ ಮುಗಿಸ್ಕೋ ಅಂತಿದ್ರು. ನೀವೂ ಮನ್ಯಾಗ ಅಮಾಸಿ ಮಾಡಾವ್ರ, ಗೊತ್ತಿರ್ತೈತಿ ಬಿಡು ಅನ್ಕೊಂಡೆ."

ನೆಗೆಣ್ಣಿಗೆ ಫೋನು ಮಾಡದೆ ಬೇರೆ ದಾರಿ ಇರಲಿಲ್ಲ. ಅವಳು ಒಂದು ಮಾತೂ ಬೈಯಲಿಲ್ಲ.

"ಗೆಸ್ಟ್ ಹೌಸಿನ ಜೀಪ್ ಐತಲ್ರಿ, ಅದರ ಪೂಜಿ ವಾಚ್‌ಮನ್ ನಸುಕಿನ್ಯಾಗ ಮುಗಿಸಿರ್ತಾನ. ಹಳೇ ಜೀಪ್, ರೋಣದ ತನಕ ಅಷ್ಟ ತಡೀತೈತಿ. ಅಲ್ಲಿ ಬಸ್‌ಸ್ಟ್ಯಾಂಡ್ ಮುಂದ ಟ್ಯಾಕ್ಸಿ ಚಾಚಾ ಗಾಡಿ ತಂದು ನಿಂದರ್ತಾರ, ನಾ ಹೇಳ್ತೀನಿ, ಅವರಿಗೆ ಅಮಾಸಿ ಇಲ್ಲ. ನರಗುಂದದ ಮ್ಯಾಲೆ ಹಾದು ಹೋದ್ರ ಒಂಬತ್ತೂವರಿಗೆ ಹುಬ್ಬಳ್ಳಿ. ನೀವು ಅಂಜಬ್ಯಾಡ್ರಿ."

ಚಾಚಾನ ನಂಬರು ವಹಿಯ ಎರಡನೆಯ ಪುಟದಲ್ಲೇ ಇತ್ತು. ಪಕ್ಕದಲ್ಲಿ 'ಅಮಾಸಿಗೆ ಇವರು' ಎಂದು ಬರೆದಿತ್ತು.

ಆಮೇಲಿನ ಮೂರು ತಾಸು ನಾನು ಆ ಮೇಜಿನ ಮುಂದೆಯೇ ಕುಳಿತಿದ್ದೆ. ಬೇಳೆ ಬೇಯಿಸುವ ಕೆಲಸ ಅತ್ತೆಯ ಪಾಲಿಗೆ ಬಿತ್ತು. ಆಗ ನನ್ನ ಮನಸ್ಸಿನಲ್ಲಿ ಸುಳಿದದ್ದನ್ನು ಬರೆಯಲು ಈಗಲೂ ನಾಚಿಕೆ. ವಿಮಾನ ತಪ್ಪಲಿ ಎಂದುಕೊಂಡೆ. ನಾನು ಕೆಡಿಸಿದ್ದು ಅವಳಿಂದಲೂ ಸರಿಯಾಗದಿರಲಿ. ಆಗ ಇಬ್ಬರೂ ಒಂದೇ. ಆದರೆ ಒಂಬತ್ತೂಕಾಲಿಗೇ ಚಾಚಾ ಫೋನು ಮಾಡಿ "ಇಳಿಸಿದೆ ಬೇಟಿ, ಸಣ್ಣಾಕಿಗೆ ಹೇಳು" ಎಂದರು.

ಅತ್ತೆ ಊಟಕ್ಕೆ ಕುಳಿತಾಗ ಕೇಳಿದರು: "ಯಾಕವಾ, ನಿನ್ನ ಇಂಗ್ಲಿಷಿನ್ಯಾಗ ಅಮಾಸಿ ಬರೂದಿಲ್ಲೇನ?" ಮೈದುನ ತುತ್ತು ನೆತ್ತಿಗೇರುವಷ್ಟು ನಕ್ಕ. ನಾನೂ ನಕ್ಕೆ. ಅವತ್ತಿನ ಹೋಳಿಗೆ ನನಗೆ ಇಳಿಯಲಿಲ್ಲ.

ನೆಗೆಣ್ಣಿ ತಿರುಗಿ ಬಂದ ಮರುದಿನ ಅವಳ ಸಾಹೇಬರು ನನಗೇ ಫೋನು ಮಾಡಿದರು. ಅವಳು ಅಲ್ಲೇ ನೆಲಕ್ಕೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದರು: ಕಾರಿನ ಗೊಂದಲ ತನ್ನ ತಪ್ಪೆಂದು ನಿಮ್ಮ ತಂಗಿ ಒಪ್ಪಿಕೊಂಡಿದ್ದಾರೆ, ಹೋಗುವ ಮೊದಲು ಡ್ರೈವರನ ಪೂಜೆಯ ವಿಷಯ ನಿಮಗೆ ಹೇಳಲು ಮರೆತರಂತೆ; ನಿಮ್ಮ ಮೇಲ್ ಮಾತ್ರ ಬಹಳ ಚೆನ್ನಾಗಿತ್ತು, ಒಂದನೇ ತಾರೀಖಿನಿಂದ ಸೇರಿಕೊಳ್ಳಬಹುದೆ?

ಅವಳ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ. ತಪ್ಪು ನನ್ನದು ಎಂದು ಹೇಳುವ ವಾಕ್ಯ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ಕೆಲಸ ಹೋಗುತ್ತಿತ್ತು. ಹೇಳದಿದ್ದರೆ, ಅವಳ ಕೆಲಸದ ಜೊತೆಗೆ ಅವಳ ದೊಡ್ಡತನವನ್ನೂ ದಿನಾ ಪಕ್ಕದಲ್ಲಿ ಕುಳಿತು ನೋಡಬೇಕಿತ್ತು.

"ಥ್ಯಾಂಕ್ಯೂ ಸರ್, ಸೇರ್ತೇನೆ" ಎಂದೆ.

ಅವಳು ಸಿಪ್ಪೆ ಜಾಡಿಸಿ ಎದ್ದು, ಮೇಜನ್ನು ಗೋಡೆಯ ಕಡೆ ದಬ್ಬಿ ಇನ್ನೊಂದು ಕುರ್ಚಿಗೆ ಜಾಗ ಮಾಡತೊಡಗಿದಳು. "ಕಿಟಕಿ ಕಡೆ ನೀವ ಕುಂಡ್ರಿ ಅಕ್ಕಾರ, ಕೌದಿ ಸರಿಸಿದ್ರ ಅಲ್ಲಿ ಗಾಳಿ ಚಲೋ ಬರ್ತೈತಿ" ಎಂದಳು. ಅವಳನ್ನು ಮೊದಲಿಗಿಂತ ಹೆಚ್ಚು ಸಹಿಸಲಾಗದೆ ಹೋದದ್ದು ಅವತ್ತಿನಿಂದ.